ಪುಸ್ತಕದಲ್ಲಿ ಇಲ್ಲದ ಸೆಲ್ವಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇನೂ ಆಗಬೇಕಾದ್ದಿಲ್ಲ. ನನ್ನ ಹೆಸರಿನ ಪಕ್ಕ ಅವರ ಹೆಸರು ಅಚ್ಚಾಗುವುದು ನನಗೇ ಸರಿಕಾಣುವುದಿಲ್ಲ, ಅಷ್ಟೆ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಯಲ್ಲಿ, ಎಂಜಿನ್ನಿನಿಂದ ನಾಲ್ಕನೆಯ ಡಬ್ಬಿಯವರಿಗೆಲ್ಲ ಅವರು ಕತೆಯಣ್ಣ. ಹೋದ ತಿಂಗಳು ಬಂಗಾರಪೇಟೆ ನಿಲ್ದಾಣದ ಹೊರಗೋಡೆಯ ಮೇಲೆ ಅವರ ಫೋಟೋ ಹಾಕಿದ ಶ್ರದ್ಧಾಂಜಲಿಯ ಪೋಸ್ಟರು ಕಂಡಿತು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಚ್ಚು ಹಾಕಿಸಿದ್ದರು. ಕೆಳಗೆ ‘ನಾಲ್ಕನೇ ಡಬ್ಬಿ ಗೆಳೆಯರು’ ಎಂದಿತ್ತು. ಆ ಗೆಳೆಯರಲ್ಲಿ ನಾನಿರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

ನಾನು ಬಂಗಾರಪೇಟೆಯವನು. ಮಾಲೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತೇನೆ, ಬಿಡುವಿನಲ್ಲಿ ವೈಜ್ಞಾನಿಕ ಕಾದಂಬರಿ ಬರೆಯುತ್ತೇನೆ. ಮೂರು ಅಚ್ಚಾಗಿವೆ. ಮೊದಲನೆಯದರ ಬೆನ್ನುಡಿಯಲ್ಲಿ ‘ನಮ್ಮ ಮಣ್ಣಿನ ವಿಜ್ಞಾನ ಕಾದಂಬರಿ’ ಎಂದು ಹಾಕಿದ್ದರು. ಹಾಕಿದ್ದರು ಎಂದರೆ, ಆ ಮಾತನ್ನು ಬರೆದುಕೊಟ್ಟವನೂ ನಾನೇ. ಅದರಲ್ಲಿ ಮಂಗಳ ಗ್ರಹಕ್ಕೆ ಹೋಗುವ ನೌಕೆಯ ಹೆಸರು ಗರುಡ. ಕ್ಯಾಪ್ಟನ್ ಹೆಸರು ವಿಶ್ವಜಿತ್. ಅವನು ಕಂಪ್ಯೂಟರಿಗೆ ಸಂಸ್ಕೃತದಲ್ಲಿ ಅಪ್ಪಣೆ ಕೊಡುತ್ತಾನೆ, ಬೆಳಗಾದರೆ ನೌಕೆಯಲ್ಲಿ ವೀಣೆ ಕೇಳಿಸುತ್ತದೆ. ಇಷ್ಟು ಇಟ್ಟರೆ ಭಾರತೀಯತೆ ಬಂತು ಎಂದು ನಾನು ನಂಬಿದ್ದ ಕಾಲ ಅದು. ಮಂಗಳದ ನೆಲದಡಿಯ ಹಿಮವನ್ನು ತೋಡಿ ತೆಗೆಯುವ ಕೆಲಸಕ್ಕೆ ಯಂತ್ರಮಾನವರನ್ನು ಇಳಿಸಿ ಎರಡು ಪುಟದಲ್ಲಿ ಮುಗಿಸಿದ್ದೆ. ಚಿನ್ನದ ಗಣಿಯ ಊರಿನಿಂದ ಅರ್ಧ ಗಂಟೆಯ ದೂರದಲ್ಲಿ ಹುಟ್ಟಿ ಬೆಳೆದವನು ನಾನು. ಒಬ್ಬ ಗಣಿಗಾರನನ್ನೂ ಮಾತಾಡಿಸದೆ ಆ ಎರಡು ಪುಟ ಬರೆದಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನನ್ನಂಥವರಿಗಾಗಿಯೇ ಇರುವುದು.

ಕತೆಯಣ್ಣ ಕ್ಯಾಸಂಬಳ್ಳಿ ಕಡೆಯ ಒಕ್ಕಲು ಮನೆಯವರು. ಹರೆಯದಲ್ಲೇ ಗಣಿಗೆ ಸೇರಿ, ಕೋರಮಂಡಲ್ ಎನ್ನುವ ಗಣಿ ಕಾಲೊನಿಯಲ್ಲಿ ನೆಲೆಸಿ, ಗಣಿ ಮುಚ್ಚುವ ದಿನದವರೆಗೂ ಕೆಳಗಿಳಿದು ಹತ್ತಿದವರು. ಆಮೇಲೆ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ. ಕಾವಲುಗಾರನ ಅಂಗಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಬಿಳಿ ಅಂಗಿಯಲ್ಲೇ ಗಾಡಿ ಹತ್ತುತ್ತಿದ್ದರು. ಕೆಳಗೆ ಬಂಡೆ ಸಿಡಿದ ಒಂದು ದಿನ ಬಲಗಿವಿ ಹೋಗಿತ್ತು. ಅದಕ್ಕೇ ಯಾವಾಗಲೂ ಬಲಗಿವಿ ಕಿಟಕಿಗೆ, ಎಡಗಿವಿ ಜನಕ್ಕೆ ಬರುವ ಹಾಗೆ ಕೂರುತ್ತಿದ್ದರು. ಯಾರಾದರೂ ಆ ಜಾಗ ಹಿಡಿದಿದ್ದರೆ, “ಏಳಪ್ಪಾ, ಅದು ಸತ್ತೋಗಿರೋ ಕಿವಿ ಜಾಗ” ಎನ್ನುತ್ತಿದ್ದರು. ಕೂತವರು ಎದ್ದು ಕೊಡುತ್ತಿದ್ದರು.

ಅವರು ಓದುತ್ತಿದ್ದುದು ವೈಜ್ಞಾನಿಕ ಕಾದಂಬರಿಗಳನ್ನು ಮಾತ್ರ. ಬೆಂಗಳೂರಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯೊಳಗಿಂದ ಹೆಕ್ಕಿ ತಂದು, ಕ್ಯಾಲೆಂಡರ್ ಹಾಳೆಯ ರಟ್ಟು ಹಾಕುತ್ತಿದ್ದರು. ಯಾಕೆ ಇಂಥದೇ ಎಂದು ಯಾರೋ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ.

“ದೆವ್ವದ್ ಕತೆ ಬ್ಯಾಡ, ಪತ್ತೇದಾರಿ ಬ್ಯಾಡ. ಬ್ಯಾರೆ ಲೋಕುಕ್ ಓಗೋ ಕತೆ ಇದ್ರೆ ಕೊಡು. ನಾವ್ ದಿನಾ ಓಗಿ ಬತ್ತಿದ್ವಲ್ಲ ಕಣ್ಲಾ. ಬೆಂಕಿ ಅಂತಾ ಸೆಕೆ, ಕತ್ಲು, ಬೆನ್ಮ್ಯಾಗ್ ಗಾಳಿ ಡಬ್ಬ ಇಲ್ಲ ಅನ್ನೋದೊಂದ್ ಬಿಟ್ರೆ ಇನ್ನೇನ್ ವ್ಯತ್ಯಾಸ?”

ಅವರು ಓದುತ್ತಿದ್ದ ರೀತಿ ಹೀಗೆ. ಪುಸ್ತಕದಿಂದ ಒಂದು ವಾಕ್ಯ ಮನಸ್ಸಿನಲ್ಲೇ ಓದಿಕೊಂಡು ತಲೆ ಎತ್ತುವರು. ಅದನ್ನು ಕನ್ನಡದಲ್ಲಿ ಹೇಳುವರು. ಎದುರಿಗಿರುವ ಆಂಡರ್‌ಸನ್‌ಪೇಟೆಯ ಮುದುಕರು “ಅಪ್ಪುರಂ ಎನ್ನಾಚ್ಚು?” ಎಂದು, ಆಮೇಲೇನಾಯಿತೆಂದು ಕೇಳಿದರೆ ಮುಂದಿನದು ತಮಿಳಿಗೆ ತಿರುಗುತ್ತಿತ್ತು. ಬಾಗಿಲ ಹತ್ತಿರ ನಿಂತ ಗಾರೆ ಕೆಲಸದವನು “ತರ್ವಾತ?” ಎಂದು ಅದನ್ನೇ ಕೇಳಿದರೆ ಅಲ್ಲಿಂದ ತೆಲುಗು. ಬೆರಳು ಮಾತ್ರ ಪುಟದ ಮೇಲೆ ಸಾಲಿನಿಂದ ಸಾಲಿಗೆ ನಡೆಯುತ್ತಲೇ ಇರುತ್ತಿತ್ತು. ಆ ಬೆರಳು ನೋಡಿದವರಿಗೆ, ಇವರು ಹೇಳುವುದೆಲ್ಲ ಅಲ್ಲಿ ಬರೆದಿದೆ ಎಂದೇ ನಂಬಿಕೆ.

ಬಂಗಾರಪೇಟೆಯಲ್ಲಿ ಹತ್ತಿ ಮಾಲೂರಿನಲ್ಲಿ ಇಳಿಯುವ ನನಗೆ ದಿನಕ್ಕೆ ಅರ್ಧ ಗಂಟೆಯ ಕತೆ ಮಾತ್ರ ಸಿಗುತ್ತಿತ್ತು. ಒಂದು ದಿನ ಹತ್ತಿ ಕೂತು ಪೇಪರು ಬಿಚ್ಚಿದರೆ, ಪಕ್ಕದಿಂದ “ಆಗ ಕ್ಯಾಪ್ಟನ್ ವಿಶ್ವಜಿತ್ತು...” ಎಂದು ಕೇಳಿಸಿತು. ನನ್ನ ವಿಶ್ವಜಿತ್! ಮೂರು ಭಾಷೆಯ ಹದಿನೈದಿಪ್ಪತ್ತು ಮಂದಿ, ಕಾಲು ಚಾಚಲು ಜಾಗವಿಲ್ಲದ ಕಡೆ ಕೂತು ನಿಂತು ನನ್ನ ಕಾದಂಬರಿ ಕೇಳುತ್ತಿದ್ದಾರೆ. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ನಾನೇ ಲೇಖಕ ಎಂದು ಹೇಳಿಕೊಳ್ಳಲಿಲ್ಲ. ಗುಟ್ಟಾಗಿ ಕೂತು ಹೊಗಳಿಕೆ ಕೇಳುವ ಸುಖವೇ ಬೇರೆ. ನಾಲ್ಕು ದಿನ ಅದನ್ನು ಅನುಭವಿಸಿದೆ.

ಐದನೆಯ ದಿನಕ್ಕೆ ಕತೆ ನನ್ನ ಕೈ ತಪ್ಪಿತು. ಮಂಗಳದ ಧೂಳು ತುಂಬಿ ಯಂತ್ರಮಾನವರೆಲ್ಲ ಕೆಟ್ಟು ನಿಂತರಂತೆ. ವಿಶ್ವಜಿತ್ತು ಭೂಮಿಗೆ ಸುದ್ದಿ ಕಳಿಸಿದನಂತೆ. “ಮಿಷನ್ನು ಕೈ ಕೊಡ್ತು, ಕೋರಮಂಡಲ್‌ನೋರ್ನ ಕಳ್ಸಿ” ಎಂದು! ಡಬ್ಬಿಯಲ್ಲಿ ಶಿಳ್ಳೆ ಬಿತ್ತು. ಕೋರಮಂಡಲಿನವರು ಮಂಗಳಕ್ಕೆ ಹೋದರು. ರಾಗಿಹಿಟ್ಟು ಕೊಂಡೊಯ್ದರು. ಅಲ್ಲಿ ಮೂರು ಶಿಫ್ಟು ಮಾಡಿದರು. ಮೊದಲ ದಿನವೇ ಜಗಳವಾಡಿ ನೀರಿನ ಸರದಿ ಗೊತ್ತುಮಾಡಿಕೊಂಡರು. ಸಂಸ್ಕೃತ ಬಾರದ ಇವರ ಮಾತು ಕಂಪ್ಯೂಟರಿಗೆ ತಿಳಿಯದೆ, ಕೊನೆಗೆ ಅದೇ ಮೂರು ಭಾಷೆ ಕಲಿಯಿತು. ಇದ್ಯಾವುದೂ ನಾನು ಬರೆದದ್ದಲ್ಲ.

ಇವರ ಜೊತೆ ಸೆಲ್ವಿ ಎನ್ನುವ ಹೆಂಗಸೊಬ್ಬಳು ಹೋಗಿದ್ದಳು. ಗಣಿಯಲ್ಲಿ ಕೆಳಗಿಳಿಯುವವರು ಒಬ್ಬೊಬ್ಬರೂ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೇಲೆ ಹಲಗೆಗೆ ತೂಗುಹಾಕಿ ಇಳಿಯುವುದು ರೂಢಿ. ಹತ್ತಿ ಬಂದವರು ತಮ್ಮ ಬಿಲ್ಲೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಹಲಗೆಯ ಮೇಲೆ ಬಿಲ್ಲೆ ಉಳಿದಿದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಮಂಗಳದಲ್ಲಿ ಆ ಹಲಗೆ ಕಾಯುವವಳು ಸೆಲ್ವಿ. ಒಂದು ದಿನ ಕೆಳಗೆ ಬಂಡೆ ಸಿಡಿಯಿತು. ಹತ್ತು ಜನ ಮೇಲೆ ಬಂದರು, ಒಂದು ಬಿಲ್ಲೆ ಉಳಿಯಿತು. ಧೂಳಿನ ಬಿರುಗಾಳಿ ಬರುವುದರೊಳಗೆ ನೌಕೆ ಏಳಬೇಕು. ವಿಶ್ವಜಿತ್ತು ಅಪ್ಪಣೆ ಕೊಟ್ಟರೂ ಸೆಲ್ವಿ ಹಲಗೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. “ಬಿಲ್ಲೆ ಇರೋಗಂಟ ಗಾಡಿ ಬಿಡಂಗಿಲ್ಲ.”

ಈ ಮಾತು ಹೇಳುವಾಗ ಕತೆಯಣ್ಣ ತಮ್ಮ ಬೆನ್ನನ್ನೇ ಸೀಟಿಗೆ ಒತ್ತಿ ಹಿಡಿದಿದ್ದರು. ಕೆ.ಆರ್.ಪುರಕ್ಕೆ ಸೊಪ್ಪು ಮಾರಲು ಹೋಗುತ್ತಿದ್ದ ಅಕ್ಕ ಒಬ್ಬರು ದಂಟಿನ ಕಟ್ಟು ಮಡಿಲಲ್ಲಿಟ್ಟುಕೊಂಡು, “ಇದ್ ಬರ್ದಿರೋನು ನಮ್ಮೋನೇ ಕಣಣ್ಣ. ಒಳಕ್ ಇಳಿದೇ ಇರೋನಿಗೆ ಇದೆಲ್ಲ ಎಂಗ್ ಗೊತ್ತಾಯ್ತದೆ?” ಎಂದರು. ಕತೆಯಣ್ಣ, “ಊಂ, ತಿಳ್ದೋನು” ಎಂದರು. ನಾನು ಪೇಪರು ಮುಖಕ್ಕೆ ಅಡ್ಡ ಹಿಡಿದೆ. ಆಗಲೇ ನನ್ನೊಳಗೆ ಹೊಟ್ಟೆಕಿಚ್ಚು ಹೊತ್ತಿತ್ತು. ನನ್ನ ಪುಸ್ತಕಕ್ಕೆ ಸಿಕ್ಕುತ್ತಿರುವ ಮೆಚ್ಚುಗೆಯ ಮೇಲೆ ನಾನೇ ಹೊಟ್ಟೆಕಿಚ್ಚು ಪಟ್ಟೆ.

ಮಾರನೆಯ ದಿನ ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು ನನ್ನ ಜೊತೆ ಗಾಡಿ ಹತ್ತಿದರು. ಕಾದಂಬರಿಗೆ ಮುನ್ನುಡಿ ಬರೆದವರು ಅವರೇ. ಎರಡು ನಿಮಿಷ ಕೇಳಿ ನನ್ನ ಕಡೆ ವಾಲಿದರು.

“ಏನ್ರೀ ಇದು, ನಿಮ್ಮ ವಿಶ್ವಜಿತ್ ಮುದ್ದೆ ನುಂಗ್ತಾ ಇದಾನೆ?”

ಅವರು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ಎದ್ದು ನಿಂತೆ.

“ನಿಲ್ಲಿಸ್ರೀ. ಈ ಪುಸ್ತಕ ಬರೆದವನು ನಾನು. ನೀವು ಹೇಳ್ತಿರೋದು ಇದರಲ್ಲಿ ಎಲ್ಲಿದೆ, ತೋರಿಸಿ.”

ಕತೆಯಣ್ಣನ ಮುಖದಲ್ಲಿ ಮೊದಲು ಕಂಡದ್ದು ಸಂತೋಷ. ಅದನ್ನು ನಾನು ನೋಡಿದ್ದೇನೆ, ಇಲ್ಲ ಎನ್ನಲಾರೆ. “ನೀವಾ ಸಾ?” ಎಂದು ಅರ್ಧ ಎದ್ದರು. ನಾನು ಅವರ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಕ್ಯಾಲೆಂಡರ್ ರಟ್ಟು ಹರಿಯಿತು. ಪುಟ ತಿರುವಿ ಸೊಪ್ಪಿನ ಅಕ್ಕನ ಮುಂದೆ ಹಿಡಿದೆ. ಓದಲು ಬಾರದ ಹೆಂಗಸಿನ ಮುಂದೆ.

“ಇಲ್ಲಿ ಸೆಲ್ವಿ ಇದಾಳಾ? ಬಿಲ್ಲೆ ಇದೆಯಾ? ಇವರು ಇಷ್ಟು ದಿನ ನಿಮಗೆಲ್ಲ ಸುಳ್ಳು ಹೇಳಿದಾರೆ. ಓದೋ ಹಾಗೆ ನಾಟಕ ಮಾಡಿದಾರೆ.”

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಕೃತಿಸ್ವಾಮ್ಯ ಎಂದರೇನು, ಇನ್ನೊಬ್ಬರ ಕೃತಿ ತಿರುಚುವುದು ಎಂಥ ಅಪರಾಧ ಎಂದು ಪಾಠವನ್ನೂ ಮಾಡಿದೆ. ತರಗತಿಯ ದನಿಯಲ್ಲಿ. ಡಬ್ಬಿಯವರು ನನ್ನನ್ನು ನೋಡುತ್ತಿರಲಿಲ್ಲ, ಕತೆಯಣ್ಣನನ್ನು ನೋಡುತ್ತಿದ್ದರು. ಗಾರೆ ಕೆಲಸದವನು ಮೆಲ್ಲಗೆ, “ಅಂತಾ ಅಬದ್ಧಮಾ ಅಣ್ಣಾ?” ಎಂದ. ಎಲ್ಲ ಸುಳ್ಳೇ ಎಂದು ಕೇಳಿದ್ದು. ಕತೆಯಣ್ಣ ನನಗೆ ಕೈ ಮುಗಿದರು.

“ತಪ್ಪಾಯ್ತು ಸಾ. ಅದ್ರಾಗ್ ಯಾರೂ ಉಣ್ತಾನೇ ಇರ್ಲಿಲ್ಲ. ಅದ್ಕೆ ಒಸಿ ಸೇರಿಸ್ದೆ.”

ಮಾಲೂರಿನಲ್ಲಿ ಇಳಿದಾಗ ಕನ್ನಡ ಮೇಷ್ಟ್ರು ಚಹಾ ಕೊಡಿಸಿ, “ಒಳ್ಳೆ ಕೆಲಸ ಮಾಡಿದ್ರಿ” ಎಂದರು. ನಾನೂ ಹಾಗೇ ಅಂದುಕೊಂಡು ಆ ದಿನದ ಪಾಠವನ್ನು ಹುರುಪಿನಿಂದ ಮುಗಿಸಿದೆ. ಮನೆಗೆ ಹೋಗಿ ಪುಸ್ತಕ ತೆಗೆದು, ಹೌದೇ ಎಂದು ಪುಟ ಪುಟ ನೋಡಿದೆ. ಇಡೀ ಕಾದಂಬರಿಯಲ್ಲಿ ಯಾರೂ ಒಂದು ತುತ್ತು ಉಂಡಿರಲಿಲ್ಲ.

ಮಾರನೆಯ ದಿನ ಹೋಗಿ ನೋಡಿದರೆ ಕತೆಯಣ್ಣ ಅದೇ ಜಾಗದಲ್ಲಿದ್ದರು. ಪುಸ್ತಕಕ್ಕೆ ಹೊಸ ರಟ್ಟು ಹಾಕಿದ್ದರು. ನನ್ನನ್ನು ಕಂಡು, “ಬನ್ನಿ ಸಾ, ಕುಂತ್ಕಳಿ. ಇವತ್ ಸರಿಯಾಗ್ ಓದ್ತೀನಿ” ಎಂದರು. ವ್ಯಂಗ್ಯದ ಸುಳಿವೂ ಇರಲಿಲ್ಲ. ಮೊದಲ ಪುಟದಿಂದ ಶುರುಮಾಡಿದರು. ನಾನು ಬರೆದದ್ದನ್ನು ಬರೆದ ಹಾಗೇ, ಒಂದಕ್ಷರ ಬಿಡದೆ. “ಅನಂತ ಅಂತರಿಕ್ಷದ ಪ್ರಶಾಂತ ಗರ್ಭದಲ್ಲಿ ದೇದೀಪ್ಯಮಾನವಾಗಿ...” ಬೆರಳು ಸಾಲಿನ ಮೇಲೆ ಎಡವುತ್ತ ನಡೆಯುತ್ತಿತ್ತು. ನಡುವೆ ನಿಲ್ಲಿಸಿ, “ಸಾ, ದೇದೀಪ್ಯಮಾನ ಅಂದ್ರೆ ಏನು? ಇವ್ರಿಗ್ ಏಳ್ಬೇಕು” ಎಂದರು. ಹೊಳೆಯುವುದು ಎಂದೆ. “ಒಳಿಯೋದಂತೆ” ಎಂದು ಎಲ್ಲರಿಗೂ ಹೇಳಿ ಮತ್ತೆ ಬೆರಳಿಟ್ಟರು. ಯಾರೂ ಅಪ್ಪುರಂ ಎನ್ನಲಿಲ್ಲ, ತರ್ವಾತ ಎನ್ನಲಿಲ್ಲ. ಟೇಕಲ್ ದಾಟುವಷ್ಟರಲ್ಲಿ ಮುದುಕರು ನಿದ್ದೆಹೋಗಿದ್ದರು, ಹುಡುಗರು ಫೋನು ತೆಗೆದಿದ್ದರು. ಸೊಪ್ಪಿನ ಅಕ್ಕ ಕಿಟಕಿಯಾಚೆ ನೋಡುತ್ತಿದ್ದರು. ನನ್ನ ಮಾತುಗಳು ಒಂದೊಂದಾಗಿ ಬಿದ್ದು ಸಾಯುವುದನ್ನು ಅರ್ಧ ಗಂಟೆ ಕೂತು ಕೇಳಿದೆ. ಅವರು ನನಗೆ ಶಿಕ್ಷೆ ಕೊಡಬೇಕೆಂದು ಓದಿದ್ದಲ್ಲ. ನಾನು ಹೇಳಿದ್ದನ್ನು ನಂಬಿ ಓದಿದರು.

ಹಾಗೆ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಅವರು ಪುಸ್ತಕ ತೆಗೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಮೇಲೆ ನಾನೇ ಡಬ್ಬಿ ಬದಲಾಯಿಸಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಿಜ. ಆದರೆ ಆಡದೆ ಬಿಟ್ಟ ಮಾತನ್ನು ಆಡಲು ನನಗೆ ಆರೇಳು ವರ್ಷಗಳಿದ್ದವು. ಪ್ಲಾಟ್‌ಫಾರಂನಲ್ಲಿ ಎಷ್ಟೋ ಸಲ ಎದುರಾದರು. ಪ್ರತಿ ಸಲವೂ ಅವರೇ ಮೊದಲು ಮಾತಾಡಿಸಿದರು. “ಚೆನ್ನಾಗಿದ್ದೀರಾ ಸಾ? ಒಸ ಪುಸ್ತಕ ಬಂತಾ?” ಬಂದಿದೆ, ತಂದುಕೊಡುತ್ತೇನೆ ಎನ್ನುತ್ತಿದ್ದೆ. ಒಂದು ಪ್ರತಿ ತಂದು ಚೀಲದಲ್ಲಿಟ್ಟುಕೊಂಡೇ ಎರಡು ತಿಂಗಳು ಓಡಾಡಿದೆ, ಕೊಡಲಿಲ್ಲ. ಕೊಟ್ಟರೆ ಅದನ್ನೂ ಸಾಲಿನ ಮೇಲೆ ಬೆರಳಿಟ್ಟು ಓದಿಯಾರು ಎಂದು ಹೆದರಿಕೆ. ಕ್ಷಮಿಸಿ ಎನ್ನುವ ಒಂದು ಮಾತಿಗೆ ನಾಲಿಗೆ ಏಳಲಿಲ್ಲ. ಬೇರೆ ಊರುಗಳ ಸಭೆಗಳಲ್ಲಿ ಮಾತ್ರ, ವಿಜ್ಞಾನ ಸಾಹಿತ್ಯಕ್ಕೆ ದೇಸಿತನ ಬೇಕು ಎಂದು ಗಂಟಲು ಹರಿಯುವಂತೆ ಭಾಷಣ ಮಾಡಿ ಶಾಲು ಹೊದೆಸಿಕೊಂಡು ಬಂದೆ. ನಾಚಿಕೆಗೇಡು.

ಪೋಸ್ಟರು ನೋಡಿದ ಭಾನುವಾರ ಕೋರಮಂಡಲಿಗೆ ಹೋದೆ. ಸಾಲುಮನೆಗಳಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರ ಹೆಂಡತಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎದೆಯಲ್ಲಿ ಧೂಳು ತುಂಬಿದ ಕಾಯಿಲೆಯಿಂದ ಕತೆಯಣ್ಣ ಕಡೆಯ ಆರು ತಿಂಗಳು ಕೆಲಸಕ್ಕೂ ಹೋಗಿರಲಿಲ್ಲವಂತೆ. ನಾನು ಬಂಗಾರಪೇಟೆಯವನು, ಕಾದಂಬರಿ ಬರೆಯುವವನು ಎಂದೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಆಕೆ ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ ಎದ್ದುನಿಂತರು.

“ಅಯ್ಯೋ, ಮೇಷ್ಟ್ರಾ? ಬನ್ನಿ ಸಾ, ಒಳಕ್ ಬನ್ನಿ. ನಿಮ್ದೇ ಮಾತು ಅವ್ರಿಗೆ.”

ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂರಿಸಿದರು. ಬೇಡವೆಂದರೂ ಕಾಫಿ ಕಾಸಿ ತಂದರು. ಕೆಳಗೆ ಕೂತುಕೊಂಡು ತಾವೇ ಶುರುಮಾಡಿದರು.

“ಮೊದ್ಲು ಸಂಜೆ ಆದ್ರೆ ಸಾಕು, ಈ ಸಾಲ್‌ಮನೆಯೋರೆಲ್ಲ ಇಲ್ಲೇ. ಏನ್ ಕತೆ ಏಳೋರು ಅಂತೀರಿ! ಅಡ್ಗೆ ಸೀದೋಗ್ತಿದ್ರೂ ಎದ್ದೋಗೋಕ್ ಮನ್ಸ್ ಬತ್ತಿರ್ಲಿಲ್ಲ. ಆಮ್ಯಾಕೆ ಒಂದಿನ ಟ್ರೇನಾಗೆ ಯಾವೋನೋ ಒಬ್ಬ ಎಲ್ರ್ ಎದ್ರುಗೆ ಸುಳ್ಳ ಅಂದ್‌ಬಿಟ್ನಂತೆ. ಅವತ್ ಬಂದು ಊಟಾನೂ ಮಾಡ್ಲಿಲ್ಲ. ಇನ್ಮ್ಯಾಕೆ ಬರ್ದಿರೋದ್ ಬಿಟ್ಟು ಒಂದ್ ಮಾತೂ ಜಾಸ್ತಿ ಏಳಲ್ಲ ಅಂದ್ರು. ಅಂಗೇ ಇದ್ರು ಸಾ, ಸಾಯೋಗಂಟ. ಕಾಯ್ಲೆ ಬಂದ್ ಮಲೀಕಂಡಾಗ ನಾನೇ ಕೇಳ್ದೆ, ಒಂದ್ ಕತೆ ಏಳು, ಒತ್ತೋಗ್ಲಿ ಅಂತ. ಇಲ್ಲ ಅಂದ್ರು. ಅವನ್ ಬಾಯಿಗ್ ಮಣ್ಣಾಕ.”

ಕಾಫಿ ಲೋಟ ನನ್ನ ಕೈಯಲ್ಲಿ ಸುಡುತ್ತಿತ್ತು. ಇಡಲು ಜಾಗ ಕಾಣಲಿಲ್ಲ.

“ನೀವಿದ್ರಲ್ಲ ಅಂತ ಒಂದೇ ಸಮಾದಾನ ಅವ್ರಿಗೆ. ಅವತ್ತೇ ಏಳಿದ್ರು. ಅವ್ನು ಅಂಗಂದ, ಆದ್ರೆ ಪುಸ್ತಕ ಬರ್ದಿರೋ ಮೇಷ್ಟ್ರು ಅಲ್ಲೇ ಇದ್ರು, ನನ್ ಕೈ ಇಡ್ಕಂಡು, ‘ನಾನ್ ಬರ್ದಿರೋದ್ಕಿಂತ ನೀವ್ ಏಳಿದ್ದೇ ಚೆನ್ನಾಗೈತೆ’ ಅಂದ್ರು ಅಂತ. ಬಂದೋರ್ಗೆಲ್ಲ ಏಳ್ಕಂಡ್ ತಿರುಗ್ತಿದ್ರು. ಅಂತಾ ದೊಡ್ಡ್ ಮನುಷ್ರು ಅಂತ.”

ಸುಮ್ಮನೆ ಕಾಫಿ ಕುಡಿದು ಎದ್ದು ಬರಬಹುದಿತ್ತು. ಅಷ್ಟು ವರ್ಷ ಹಾಗೇ ತಾನೇ ಬದುಕಿದ್ದೆ. ಆಕೆ ನನ್ನ ಕಡೆ ನೋಡುತ್ತಿದ್ದ ನೋಟದಲ್ಲಿ ಎಷ್ಟು ಮರ್ಯಾದೆಯಿತ್ತೆಂದರೆ, ಅದನ್ನು ಹೊತ್ತು ಹೊಸ್ತಿಲು ದಾಟಲು ನನ್ನಿಂದ ಆಗಲಿಲ್ಲ.

“ಅಮ್ಮಾ, ಸುಳ್ಳ ಅಂದವನು ನಾನೇ” ಎಂದೆ.

ಆಕೆಗೆ ಮೊದಲು ತಿಳಿಯಲಿಲ್ಲ. ಎಲ್ಲವನ್ನೂ ಹೇಳಿದೆ. ಪುಸ್ತಕ ಕಿತ್ತುಕೊಂಡದ್ದು, ಸೊಪ್ಪಿನ ಅಕ್ಕನ ಮುಂದೆ ಹಿಡಿದದ್ದು, ಅವರು ಕೈ ಮುಗಿದದ್ದು. ಮುಗಿದ ಮೇಲೆ ಆಕೆ ತಮ್ಮ ಅಂಗೈ ನೋಡಿಕೊಳ್ಳುತ್ತ ಕೇಳಿದರು.

“ಅಂಗಾದ್ರೆ ಕೈ ಇಡ್ಕಂಡು ಏಳಿದ್ದು?”

“ಹೇಳಲಿಲ್ಲಮ್ಮ.”

“ಒಂದಿನಾನೂ?”

“ಇಲ್ಲ.”

ಆಕೆ ತಲೆ ಎತ್ತಿದರು. ಬೈಯಲಿಲ್ಲ. ಗೋಡೆಗೆ ಹಾಕಿದ ಗಂಡನ ಫೋಟೋದ ಕಡೆ ತಿರುಗಿ, ಅವರೊಬ್ಬರಿಗೇ ಕೇಳಿಸಬೇಕಾದ ಮಾತಿನ ಹಾಗೆ ಹೇಳಿದರು.

“ಇನ್ ಕತೆ ಕಟ್ಟಲ್ಲ ಅಂತಂದು, ಇವ್ರನ್ನೇ ದೊಡ್ಡ್ ಮನುಷ್ರು ಅಂತ ಕಟ್‌ಬಿಟ್ಯಲ್ಲಾ.”